ಶೂಟಿಂಗ್ ಮುಗಿದ ಮೇಲೆ ಶುರುವಾಗುವ ಖರ್ಚು

ಕಿತ್ತೂರು ಸೀಮೆ ಕನ್ನಡ ಸಿನಿಮಾಕ್ಕೆ ಕಥೆಗಳನ್ನು ಧಾರಾಳವಾಗಿ ಕೊಟ್ಟಿದೆ. 1961ರಲ್ಲಿ ಬಿ.ಆರ್. ಪಂತುಲು ತಮ್ಮ ಪದ್ಮಿನಿ ಪಿಕ್ಚರ್ಸ್‌ನಿಂದ ‘ಕಿತ್ತೂರು ಚೆನ್ನಮ್ಮ’ ತೆಗೆದರು. ಬಿ. ಸರೋಜಾದೇವಿ ರಾಣಿಯಾದರು, ರಾಜಕುಮಾರ್ ಮಲ್ಲಸರ್ಜ ದೇಸಾಯಿಯಾದರು. ಬೈಲಹೊಂಗಲ ಭಾಗದಲ್ಲಿ ನಡೆದದ್ದೆಂದು ಜನ ಇಂದಿಗೂ ಹೇಳುವ ಸಂಗ್ಯಾ–ಬಾಳ್ಯಾರ ಕಥೆ ಸಣ್ಣಾಟವಾಗಿ ಊರೂರು ತಿರುಗಿ, 1992ರಲ್ಲಿ ಸುಂದರಕೃಷ್ಣ ಅರಸ್ ನಿರ್ದೇಶನದಲ್ಲಿ ಸಿನಿಮಾ ಆಯಿತು. ಸಂಗೊಳ್ಳಿ ರಾಯಣ್ಣನ ಪಾತ್ರದಲ್ಲಿ ದರ್ಶನ್ ನಟಿಸಿದ ದೊಡ್ಡ ಬಜೆಟ್ಟಿನ ಚಿತ್ರ ಬಂದದ್ದು 2012ರಲ್ಲಿ. ಆದರೆ ಇಲ್ಲಿಯವರೇ, ಕೈಯಲ್ಲಿದ್ದಷ್ಟು ದುಡ್ಡಿನಲ್ಲಿ, ತಮ್ಮ ಮಾತಿನಲ್ಲಿ ಒಂದು ಸಿನಿಮಾ ಮಾಡಿ ಅದನ್ನು ಇಲ್ಲಿಯ ಮಂದಿಗೇ ತೋರಿಸುವುದು ಇವತ್ತಿಗೂ ಬಹಳ ಕಷ್ಟದ ಕೆಲಸ. ಕಷ್ಟ ಎಲ್ಲಿದೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ. ಏಕೆಂದರೆ ಅದು ನಾವು ತಿಳಿದಿರುವ ಕಡೆ ಈಗ ಇಲ್ಲ.

ಮೊದಲು ಕಷ್ಟ ಇದ್ದದ್ದು ಯಂತ್ರದಲ್ಲಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಸ್ಟುಡಿಯೊದಲ್ಲಿ, ಏಕೆಂದರೆ ಕನ್ನಡ ನೆಲದಲ್ಲಿ ಮಾತಿನ ಚಿತ್ರ ತೆಗೆಯುವ ಸ್ಟುಡಿಯೊ ಇರಲಿಲ್ಲ. ಆಮೇಲೆ ದಶಕಗಳ ಕಾಲ ಕನ್ನಡ ಸಿನಿಮಾ ಎಂದರೆ ಮದ್ರಾಸು. ಕಚ್ಚಾ ಫಿಲ್ಮ್ ಕೊಳ್ಳಬೇಕು, ಲ್ಯಾಬಿನಲ್ಲಿ ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು. ಒಂದು ಟೇಕ್ ಕೆಟ್ಟರೆ ದುಡ್ಡು ಹೋಯಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು 1970ರ ದಶಕದಲ್ಲಿ ‘ಕರಿಮಾಯಿ’, ‘ಕಾಡು ಕುದುರೆ’ ನಿರ್ದೇಶಿಸಿದ್ದು ಆ ಕಾಲದಲ್ಲಿ. ‘ಕಾಡು ಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು. ಬೆಳಗಾವಿ ಜಿಲ್ಲೆಯ ನುಡಿ, ಬೆಳಗಾವಿ ಜಿಲ್ಲೆಯ ಕಲ್ಪನೆ ಹೊತ್ತ ಸಿನಿಮಾ ಆಗ ಬರುವುದೇ ಒಂದು ಪವಾಡ.

ಇವತ್ತು ಬೈಲಹೊಂಗಲದಲ್ಲಾಗಲಿ ರಾಮದುರ್ಗದಲ್ಲಾಗಲಿ ಮದುವೆ ಫೋಟೊ ತೆಗೆಯುವ ಸ್ಟುಡಿಯೊದಲ್ಲೇ 4ಕೆ ಕ್ಯಾಮೆರಾ ಇರುತ್ತದೆ, ಡ್ರೋನ್ ಇರುತ್ತದೆ. ಎಡಿಟಿಂಗ್ ಗೊತ್ತಿರುವ ಹುಡುಗ ಅದೇ ಓಣಿಯಲ್ಲಿರುತ್ತಾನೆ. ಜವಾರಿ ಮಾತಿನ ಕಾಮಿಡಿ ವಿಡಿಯೊಗಳನ್ನು ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನ ನೋಡುತ್ತಾರೆ. ಹಾಗಾದರೆ ಇನ್ನೇನು ಅಡ್ಡಿ ಎಂದು ಕೇಳುವವರಿದ್ದಾರೆ. ಅಡ್ಡಿ ಇದೆ. ಅದು ಶೂಟಿಂಗ್ ಮುಗಿದ ಮೇಲೆ ಶುರುವಾಗುತ್ತದೆ.

ಶೂಟಿಂಗ್ ಹಂತವನ್ನು ಹಳ್ಳಿ ಹೇಗೋ ಹೊತ್ತುಕೊಳ್ಳುತ್ತದೆ. ಇದಕ್ಕೆ ನಮ್ಮ ಕಣ್ಣೆದುರೇ ದೊಡ್ಡ ಸಾಕ್ಷಿಗಳಿವೆ. ರಾಮ್ ರೆಡ್ಡಿ ‘ತಿಥಿ’ಯನ್ನು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದಾಗ ಕ್ಯಾಮೆರಾ ಮುಂದೆ ನಿಂತವರು ಆ ಸೀಮೆಯ ಜನರೇ. ಕಥೆ ಬರೆಯುವಲ್ಲಿ ಜೊತೆಯಾದವರು ಆ ಪರಿಸರ ಬಲ್ಲ ಈರೇಗೌಡ. 2015ರಲ್ಲಿ ಆ ಸಿನಿಮಾಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಬಂತು. ನಮಗೆ ಇನ್ನೂ ಹತ್ತಿರದ್ದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ. ಜೈಶಂಕರ್ ಆರ್ಯರ್ ಆ ಊರಲ್ಲಿಯೇ ‘ಶಿವಮ್ಮ ಯರೇಹಂಚಿನಾಳ’ ಮಾಡಿದರು. ಶಾಲೆಯಲ್ಲಿ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳು ಪೌಷ್ಟಿಕ ಪುಡಿ ಮಾರುವ ನೆಟ್‌ವರ್ಕ್ ಮಾರ್ಕೆಟಿಂಗಿಗೆ ಕೈಹಾಕುವ ಕಥೆ. ಶರಣಮ್ಮ ಚೆಟ್ಟಿ ಶಿವಮ್ಮನಾದರು. ಅಂಥ ಹೆಣ್ಣುಮಗಳು ಕಿತ್ತೂರಿನಲ್ಲೂ ಇದ್ದಾಳೆ, ಸವದತ್ತಿಯಲ್ಲೂ ಇದ್ದಾಳೆ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದಲ್ಲಿ ಆ ಸಿನಿಮಾ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆಯಿತು. ಪ್ರಶಸ್ತಿಯ ಮೊತ್ತ 30,000 ಡಾಲರ್. ರೊಟ್ಟಿ ಬಡಿಯುವ ಸದ್ದು, ಅಂಗಳದ ಮಾತು, ಊರಿನ ಕೂಲಿಯ ಲೆಕ್ಕ ಜಗತ್ತಿಗೆ ಅರ್ಥವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಮಂಸೋರೆ ಅವರ ‘ಹರಿವು’ ಕೂಡ ಇಲ್ಲಿ ನೆನಪಾಗಲೇಬೇಕು. ಉತ್ತರ ಕರ್ನಾಟಕದ ಬಡ ರೈತನೊಬ್ಬ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನ ದೇಹವನ್ನು ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಒಯ್ಯುವ ಕಥೆ ಅದು. ವೈದ್ಯೆ ಆಶಾ ಬೆನಕಪ್ಪ ಪತ್ರಿಕೆಯಲ್ಲಿ ಬರೆದ ನಿಜ ಘಟನೆಯಿಂದ ಹುಟ್ಟಿದ್ದು. ಸಂಚಾರಿ ವಿಜಯ್ ಆ ತಂದೆಯಾದರು. 2014ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ನಮ್ಮ ಭಾಗದ ದುಃಖ ಕುರಿತ ಆ ಸಿನಿಮಾವನ್ನು ನಮ್ಮ ಭಾಗದ ಎಷ್ಟು ಜನ ಥೇಟರಿನಲ್ಲಿ ಕುಳಿತು ನೋಡಿದ್ದಾರೆ? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಹಳ್ಳಿಯವರೇ ನಟಿಸಿದರೆ ಸಂಭಾವನೆ ಉಳಿಯುತ್ತದೆ, ಆದರೆ ಇನ್ನೊಂದು ಖರ್ಚು ಹುಟ್ಟುತ್ತದೆ. ಅಭ್ಯಾಸವಿಲ್ಲದವರನ್ನು ಸ್ಟುಡಿಯೊಗೆ ಕರೆದೊಯ್ದು ಅವರದೇ ತುಟಿಗೆ ಹೊಂದಿಸಿ ಡಬ್ಬಿಂಗ್ ಮಾಡಿಸುವುದು ಬಹುಪಾಲು ಆಗದ ಮಾತು. ಬೇರೆಯವರಿಂದ ಡಬ್ ಮಾಡಿಸಿದರೆ ಬೈಲಹೊಂಗಲದ ಅಜ್ಜನ ಬಾಯಿಂದ ಮಂಡ್ಯದವರು ಮಾತಾಡಿದಂತೆ ಕೇಳುತ್ತದೆ. ಹೀಗಾಗಿ ಮಾತನ್ನು ಸ್ಥಳದಲ್ಲೇ ಹಿಡಿಯಬೇಕು, ಅಂದರೆ ಸಿಂಕ್ ಸೌಂಡ್. ಅದಕ್ಕೆ ಬಲ್ಲ ಧ್ವನಿ ತಂತ್ರಜ್ಞ ಬೇಕು, ಒಳ್ಳೆಯ ಮೈಕುಗಳು ಬೇಕು, ಎಲ್ಲಕ್ಕಿಂತ ಮೊದಲು ನಿಶ್ಶಬ್ದ ಬೇಕು. ನಮ್ಮ ಕಡೆ ಸುಗ್ಗಿಯ ತಿಂಗಳುಗಳಲ್ಲಿ ಶೂಟಿಂಗ್ ಇಟ್ಟುಕೊಂಡರೆ ಬೆಳಕು ಚಂದ, ಬೆಳೆ ಚಂದ. ಆದರೆ ಅದೇ ತಿಂಗಳುಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಎಂ.ಕೆ. ಹುಬ್ಬಳ್ಳಿ ಕಾರ್ಖಾನೆ ಕಡೆ ಹಗಲು ರಾತ್ರಿ ಹೋಗುತ್ತಿರುತ್ತವೆ. ಒಂದು ಟ್ರ್ಯಾಕ್ಟರ್ ದಾಟುವ ತನಕ ಕಾಯುವುದು, ಮುಂದಿನದು ಬರುವಷ್ಟರಲ್ಲಿ ಒಂದು ಶಾಟ್ ಮುಗಿಸುವುದು. ಹತ್ತು ದಿನದ ಕೆಲಸ ಹದಿನೈದಾಗುವುದು ಹೀಗೆ. ದಿನ ಹೆಚ್ಚಾದರೆ ಊಟ, ಗಾಡಿ, ಬಾಟಾ, ಲೈಟಿನ ಬಾಡಿಗೆ ಎಲ್ಲ ಹೆಚ್ಚು.

ಇಷ್ಟನ್ನೂ ದಾಟಿದರು ಎಂದಿಟ್ಟುಕೊಳ್ಳಿ. ಈಗ ಸಿನಿಮಾ ಹಾರ್ಡ್ ಡಿಸ್ಕಿನಲ್ಲಿದೆ. ಅಲ್ಲಿಂದ ಬೆಂಗಳೂರಿನ ದಾರಿ. ಬಣ್ಣ ತಿದ್ದಿಸಬೇಕು, ಥೇಟರಿಗೆ ಬೇಕಾದ 5.1 ಧ್ವನಿ ಮಿಶ್ರಣ ಮಾಡಿಸಬೇಕು, ಥೇಟರಿನಲ್ಲಿ ಓಡಿಸುವ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ ತಯಾರಿಸಬೇಕು. ಹೆಸರನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಬೇಕು. ಸೆನ್ಸಾರ್ ಆಗಬೇಕು. ಅದರ ಪ್ರಾದೇಶಿಕ ಕಚೇರಿಯೂ ಬೆಂಗಳೂರಿನಲ್ಲೇ. ಕಿತ್ತೂರಿನಿಂದ ಅಲ್ಲಿಗೆ ಸುಮಾರು 450 ಕಿಲೋಮೀಟರು. ಅರ್ಜಿ ಆನ್‌ಲೈನ್ ಆಗಿರಬಹುದು, ಮಿಕ್ಸಿಂಗ್ ಸ್ಟುಡಿಯೊದಲ್ಲಿ ನಿರ್ದೇಶಕ ಪಕ್ಕದಲ್ಲಿ ಕೂರಲೇಬೇಕು. ಲಾಡ್ಜಿನ ಬಾಡಿಗೆ ತಿಂಗಳುಗಟ್ಟಲೆ ಬೆಳೆಯುತ್ತದೆ.

ಇಲ್ಲಿ ಒಂದು ನಿಯಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಳ್ಳಿಯ ಕಥೆ ಮಾಡುವವರಿಗೆ ಇದರಷ್ಟು ತೊಡಕು ಬೇರೊಂದಿಲ್ಲ. ಸಿನಿಮಾದಲ್ಲಿ ಪ್ರಾಣಿಗಳನ್ನು ಬಳಸುವುದಾದರೆ 2001ರ ನಿಯಮಾವಳಿ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು. ಶೂಟಿಂಗ್ ಆದ ಮೇಲೆ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲದೆ ಸೆನ್ಸಾರ್ ಮುಂದಕ್ಕೆ ಹೋಗುವುದಿಲ್ಲ. ಆ ಮಂಡಳಿಯ ಮುಖ್ಯ ಕಚೇರಿ ಈಗ ಹರಿಯಾಣದ ಬಲ್ಲಭಗಢದಲ್ಲಿದೆ. ನಿಯಮದ ಉದ್ದೇಶ ಒಳ್ಳೆಯದು. ಸಿನಿಮಾಕ್ಕಾಗಿ ಕುದುರೆಗಳನ್ನು ಬೀಳಿಸಿ ಕಾಲು ಮುರಿದ ಕಾಲವನ್ನು ಯಾರೂ ಮತ್ತೆ ಬಯಸುವುದಿಲ್ಲ. ಆದರೆ ಕುರಿಗಾರನ ಕಥೆ ಮಾಡುವ ಹುಡುಗನಿಗೆ ಕುರಿ ಹಿಂಡೇ ಕಥೆ. ನಗರದ ಪ್ರೇಮಕಥೆ ಮಾಡುವವನಿಗೆ ಇಲ್ಲದ ಒಂದು ದೊಡ್ಡ ಕಾಗದಪತ್ರದ ಹೊರೆ ಇವನ ಮೇಲೆ ಬೀಳುತ್ತದೆ. ಮೊದಲ ಸಿನಿಮಾದವರಿಗೆ ಇದು ಬಹಳ ಸಲ ಗೊತ್ತಾಗುವುದೇ ಸೆನ್ಸಾರ್ ಹೊತ್ತಿಗೆ. ಆಗ ಪೂರ್ವಾನುಮತಿ ಪಡೆಯಲು ಕಾಲ ಮೀರಿರುತ್ತದೆ. ಜಿಲ್ಲೆಯ ಪಶುಸಂಗೋಪನಾ ಇಲಾಖೆಯ ವೈದ್ಯರೇ ನಿಂತು ನೋಡಿ ಪ್ರಮಾಣಪತ್ರ ಕೊಡುವಂತಾದರೆ ಪ್ರಾಣಿಗಳಿಗೂ ನ್ಯಾಯ ಸಿಗುತ್ತದೆ, ಕುರಿಗಾರನ ಕಥೆಗೂ ನ್ಯಾಯ ಸಿಗುತ್ತದೆ.

ಸೆನ್ಸಾರ್ ಪತ್ರ ಕೈಗೆ ಬಂದ ಮೇಲೆ ಥೇಟರು. ಒಂದೇ ಪರದೆಯ ಚಿತ್ರಮಂದಿರಗಳಲ್ಲಿ ಬಹಳಷ್ಟು ಕಡೆ ವಾರದ ಬಾಡಿಗೆ ಪದ್ಧತಿ ಇದೆ. ಹೆಸರಿಲ್ಲದ ಸಿನಿಮಾ ತಂದವನು ಬಾಡಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಜನ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಅದರ ಮೇಲೆ ಯುಎಫ್‌ಒ, ಕ್ಯೂಬ್‌ನಂಥ ಡಿಜಿಟಲ್ ಕಂಪನಿಗಳಿಗೆ ಪರದೆಗೆ ಇಷ್ಟೆಂದು ಶುಲ್ಕ ಕಟ್ಟಬೇಕು. ಫಿಲ್ಮ್ ಪ್ರಿಂಟಿನ ಖರ್ಚು ಹೋಯಿತು ಎಂದು ಖುಷಿಪಟ್ಟವರಿಗೆ ಅದರ ಜಾಗದಲ್ಲಿ ಬಂದ ಖರ್ಚು ಇದು. ಮಲ್ಟಿಪ್ಲೆಕ್ಸಿನಲ್ಲಿ ಬಾಡಿಗೆ ಇಲ್ಲ, ಪಾಲು. ಆದರೆ ಬೆಳಿಗ್ಗೆ ಒಂದು ಆಟ ಕೊಟ್ಟು, ಶುಕ್ರವಾರ ಶನಿವಾರ ಜನ ಬರಲಿಲ್ಲವೆಂದರೆ ಸೋಮವಾರಕ್ಕೆ ಸಿನಿಮಾ ಇರುವುದಿಲ್ಲ. ಒಬ್ಬರಿಂದೊಬ್ಬರಿಗೆ ಬಾಯಿಮಾತಿನಲ್ಲಿ ಹರಡಬೇಕಾದ ಸಿನಿಮಾಕ್ಕೆ ಮೂರು ದಿನ ಏನೇನೂ ಸಾಲದು. ಕಬ್ಬು ಕಳಿಸಿ, ಎಮ್ಮೆ ಹಿಂಡಿ, ಬಿಡುವಾದಾಗ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಸಿನಿಮಾ ನೋಡಬೇಕೆಂದು ಯೋಚಿಸುವ ಕುಟುಂಬಕ್ಕೆ ಆ ಸಿನಿಮಾ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ.

ಕಾಯುವಿಕೆಯ ಬೆಲೆಯನ್ನು ಲೆಕ್ಕ ಹಾಕಿ ನೋಡೋಣ. ‘ಶಿವಮ್ಮ’ ಬೂಸಾನಿನಲ್ಲಿ ಗೆದ್ದದ್ದು 2022ರ ಅಕ್ಟೋಬರಿನಲ್ಲಿ, ನಮ್ಮ ಥೇಟರುಗಳಿಗೆ ಬಂದದ್ದು 2024ರ ಜೂನಿನಲ್ಲಿ. ರಿಷಬ್ ಶೆಟ್ಟಿಯವರಂಥ ನಿರ್ಮಾಪಕರು ಬೆನ್ನಿಗಿದ್ದೂ ಹೀಗೆ. ರಾಯಚೂರು ಭಾಗದ ತಂದೆ–ಮಗನ ಲಾಕ್‌ಡೌನ್ ಸಂಕಟ ಹೇಳುವ ಉತ್ಸವ್ ಗೋನವಾರ ಅವರ ‘ಫೋಟೋ’ 2023ರಲ್ಲಿ ಬೆಂಗಳೂರು ಚಿತ್ರೋತ್ಸವದಲ್ಲಿ ಕಂಡಿತು; ಪ್ರಕಾಶ್ ರಾಜ್ ಕೈಜೋಡಿಸಿದ ಮೇಲೆ 2024ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ಹೆಸರಾಂತ ಕೈ ಯಾವುದೂ ಹಿಡಿಯದ ಒಂದು ಸಿನಿಮಾವನ್ನು ಊಹಿಸಿ. ಬ್ಯಾಂಕು ಇಂಥವರಿಗೆ ಸಾಲ ಕೊಡುವುದಿಲ್ಲ, ಆದ್ದರಿಂದ ನಿರ್ಮಾಪಕ ಕೈಗಡ ತಂದಿರುತ್ತಾನೆ. 20 ಲಕ್ಷ ಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಂಡರೆ ತಿಂಗಳಿಗೆ 40,000 ರೂಪಾಯಿ. ಎರಡು ವರ್ಷ ಕಾದರೆ 9 ಲಕ್ಷ 60 ಸಾವಿರ. ಇದು ಸಿನಿಮಾದಲ್ಲಿ ಒಂದು ಚೌಕಟ್ಟಿನಲ್ಲೂ ಕಾಣದ ಖರ್ಚು. ಹೊಲ ಮಾರಿಸುವ ಖರ್ಚು ಇದೇ.

ಈಗ ಸರ್ಕಾರದ ಸಹಾಯಧನ. ಗುಣಾತ್ಮಕ ಚಿತ್ರಗಳೆಂದು ಆಯ್ಕೆಯಾದವಕ್ಕೆ ಸಾಮಾನ್ಯವಾಗಿ ತಲಾ 10 ಲಕ್ಷ ರೂಪಾಯಿ, ವರ್ಷಕ್ಕೆ ನೂರಕ್ಕೂ ಹೆಚ್ಚು ಚಿತ್ರಗಳಿಗೆ ಕೊಡುವ ಯೋಜನೆ ಕರ್ನಾಟಕದಲ್ಲಿದೆ. ದೇಶದಲ್ಲಿ ಇಷ್ಟು ಉದಾರವಾದ ಯೋಜನೆ ಇರುವ ರಾಜ್ಯಗಳು ಕಡಿಮೆ, ಅದನ್ನು ಒಪ್ಪಿಕೊಂಡೇ ಹೇಳಬೇಕು: ತಡವಾಗಿ ಬಂದ 10 ಲಕ್ಷ ಮೇಲಿನ ಲೆಕ್ಕದ ಬಡ್ಡಿಯನ್ನಷ್ಟೇ ತೀರಿಸುತ್ತದೆ, ಅಸಲು ಹಾಗೇ ಉಳಿಯುತ್ತದೆ. ತಡ ಎಂದರೆ ಎಷ್ಟು? 2019ರ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಆಯ್ಕೆ ಸಮಿತಿ ರಚನೆ, ಸಿನಿಮಾ ನೋಡುವುದು, ವರದಿ, ಹಣಕಾಸು ಒಪ್ಪಿಗೆ ಎಂಬ ಇದೇ ಮೆಟ್ಟಿಲುಗಳನ್ನೇ ಸಹಾಯಧನವೂ ಹತ್ತಬೇಕು. ಹತ್ತು ಸಿನಿಮಾ ಮಾಡಿದ ಕಂಪನಿ ಕಾಯಬಲ್ಲದು. ಒಂದೇ ಸಿನಿಮಾ ಮಾಡಿದ ಸವದತ್ತಿಯ ಹುಡುಗ ಅಷ್ಟರಲ್ಲಿ ಪುಣೆಯ ಯಾವುದೋ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಸೇರಿರುತ್ತಾನೆ. ಮೊತ್ತ ಹೆಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಸೆನ್ಸಾರ್ ಆದ ಆರು ತಿಂಗಳಲ್ಲಿ ತೀರ್ಮಾನ ಹೇಳಿ, ಮೊದಲ ಸಿನಿಮಾದವರಿಗೆ ಅರ್ಧ ಹಣವನ್ನು ಚಿತ್ರಕಥೆ ಹಂತದಲ್ಲೇ ಕೊಡಿ ಎಂದು ಕೇಳುತ್ತಿದ್ದೇನೆ.

ಸಿನಿಮಾ ಬೇಡ, ವೆಬ್ ಸರಣಿ ಮಾಡೋಣ ಎಂದು ಹೊರಟವರ ಕಥೆಯೂ ಇದೇ. ಸರಣಿಯ ಮಾದರಿ ಕಂತನ್ನು ಪೈಲಟ್ ಎನ್ನುತ್ತಾರೆ. ಅಮೆರಿಕದ ಟೀವಿ ಉದ್ಯಮದಲ್ಲಿ ಅದರ ಖರ್ಚನ್ನು ಚಾನೆಲ್ಲೋ ಸ್ಟುಡಿಯೊವೋ ಹೊರುವುದು ರೂಢಿ. ನಮ್ಮಲ್ಲಿ ಹುಡುಗರೇ ಹೊರುತ್ತಾರೆ. ಸಾಲ ಮಾಡಿ ಇಪ್ಪತ್ತು ನಿಮಿಷದ ಒಂದು ಕಂತು ತಯಾರಿಸಿ, ಪೆನ್‌ಡ್ರೈವ್ ಹಿಡಿದು, ಲಿಂಕ್ ಕಳಿಸಿ, ಉತ್ತರಕ್ಕೆ ಕಾಯುತ್ತಾರೆ. ಕನ್ನಡ ಸರಣಿಗಳನ್ನು ದೊಡ್ಡ ಒಟಿಟಿಗಳು ಕೊಳ್ಳುವುದೇ ಅಪರೂಪ. ರಕ್ಷಿತ್ ಶೆಟ್ಟಿಯವರ ಪರಂವಃ ಕಂಪನಿಯ ಪಾಲುದಾರಿಕೆಯ ‘ಏಕಂ’ ನೆನಪಿಸಿಕೊಳ್ಳಿ. ಸುಮಂತ್ ಭಟ್, ಸಂದೀಪ್ ಪಿ.ಎಸ್. ರೂಪಿಸಿದ ಸರಣಿ, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ನಟಿಸಿದ್ದರು. 2021ರಲ್ಲೇ ಸಿದ್ಧವಾಗಿದ್ದ ಅದಕ್ಕೆ ಒಟಿಟಿ ಸಿಗದೆ, ಕೊನೆಗೆ 2024ರ ಜುಲೈಯಲ್ಲಿ ತಮ್ಮದೇ ಜಾಲತಾಣ ಕಟ್ಟಿ ಬಿಡುಗಡೆ ಮಾಡಿದರು. ತಾರೆಯೊಬ್ಬರ ಕಂಪನಿಗೇ ಬಾಗಿಲು ತೆರೆಯದಿದ್ದರೆ ರಾಮದುರ್ಗದ ನೇಕಾರರ ಓಣಿಯ ಕಥೆ ಹಿಡಿದು ಹೋದವನಿಗೆ ತೆರೆದೀತೆ? ಕೇರಳ ಸರ್ಕಾರ 2024ರ ಮಾರ್ಚಿನಲ್ಲಿ ‘ಸಿ ಸ್ಪೇಸ್’ ಎಂಬ ತನ್ನದೇ ಒಟಿಟಿ ಆರಂಭಿಸಿತು; ನೋಡಿದಷ್ಟಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕನಿಗೆ. 2025ರ ಮಾರ್ಚಿನ ಬಜೆಟ್ಟಿನಲ್ಲಿ ಕರ್ನಾಟಕವೂ ಅಂಥದ್ದೊಂದನ್ನು ಘೋಷಿಸಿತು. ಅದರಲ್ಲಿ ಸಣ್ಣ ಸರಣಿಗಳಿಗೂ ಪೈಲಟ್‌ಗಳಿಗೂ ಜಾಗ ಇರಬೇಕೆಂದು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಜನರಿಂದಲೇ ಹಣ ಕೂಡಿಸಿದ ದಾರಿಗಳೂ ಇವೆ. ಪವನ್ ಕುಮಾರ್ ‘ಲೂಸಿಯಾ’ಕ್ಕೆ 27 ದಿನಗಳಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಸೇರಿಸಿದರು, 2013ರಲ್ಲಿ ಬಿಡುಗಡೆಯಾದ ಆ ಸಿನಿಮಾ ಕನ್ನಡದಲ್ಲಿ ಒಂದು ತಲೆಮಾರಿಗೆ ಧೈರ್ಯ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆ ಆಧರಿಸಿದ ‘ಡೇರ್‌ಡೆವಿಲ್ ಮುಸ್ತಫಾ’ಕ್ಕೆ ನೂರರಷ್ಟು ಜನ ತೇಜಸ್ವಿ ಓದುಗರು ಹಣ ಹಾಕಿದರು. ಅದು 2023ರಲ್ಲಿ ತೆರೆಕಂಡಿತು. ಇವೆರಡೂ ಇಂಟರ್ನೆಟ್ ಬಲ್ಲ, ಕೈಯಲ್ಲಿ ಒಂದಿಷ್ಟು ಉಳಿತಾಯ ಇರುವ ಜನರ ಬಲ. ಕಿತ್ತೂರು ನಾಡಿಗೆ ಹೆಚ್ಚು ಒಗ್ಗುವ ಉದಾಹರಣೆ ಗುಜರಾತಿನದು. 1976ರಲ್ಲಿ ಶ್ಯಾಮ್ ಬೆನಗಲ್ ‘ಮಂಥನ್’ ಮಾಡಿದಾಗ ಅಲ್ಲಿನ ಹಾಲು ಸಹಕಾರ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟು ನಿರ್ಮಾಪಕರಾದರು. ಮುಖ್ಯ ಪಾತ್ರದಲ್ಲಿದ್ದವರು ನಮ್ಮ ಗಿರೀಶ ಕಾರ್ನಾಡರು. ಸಿನಿಮಾ ಬಂದಾಗ ಆ ರೈತರು ಲಾರಿ ತುಂಬಿಕೊಂಡು ನೋಡಲು ಹೋದರು. ಹಣ ಹಾಕಿದವರೇ ಪ್ರೇಕ್ಷಕರು, ಪ್ರಚಾರಕ್ಕೆ ಬೇರೆ ಖರ್ಚು ಬೇಕಾಗಲಿಲ್ಲ. ಕೇರಳದಲ್ಲಿ ನಿರ್ದೇಶಕ ಜಾನ್ ಅಬ್ರಹಾಂ ಅವರ ಒಡೆಸ್ಸಾ ಬಳಗ ಊರೂರಿಗೆ ಹೋಗಿ ಜನರಿಂದ ಚಿಲ್ಲರೆ ಹಣ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಮುಗಿಸಿತು, ಮತ್ತೆ ಊರೂರಿಗೇ ಒಯ್ದು ತೋರಿಸಿತು. ಹಾಲಿನ ಡೇರಿ, ಕೃಷಿ ಪತ್ತಿನ ಸಂಘ, ಸಕ್ಕರೆ ಕಾರ್ಖಾನೆ ಎಲ್ಲವನ್ನೂ ಸಹಕಾರದಲ್ಲಿ ಕಟ್ಟಿದ ಬೆಳಗಾವಿ ಜಿಲ್ಲೆಗೆ ಷೇರು ಎಂದರೇನು ಎಂದು ಹೊಸದಾಗಿ ಕಲಿಸಬೇಕಾಗಿಲ್ಲ.

ತೋರಿಸುವ ವಿದ್ಯೆಯಂತೂ ನಮ್ಮ ಮಣ್ಣಿನದೇ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘವನ್ನು ದಶಕಗಳ ಕಾಲ ನಡೆಸಿದರು. ಆ ಕಂಪನಿಗಳ ಪದ್ಧತಿಯನ್ನು ಇಂದಿನ ಸಿನಿಮಾ ಹುಡುಗರು ಗಮನವಿಟ್ಟು ಓದಬೇಕು. ಅವರು ಪ್ರೇಕ್ಷಕ ಬರಲಿ ಎಂದು ಕೂರಲಿಲ್ಲ. ಎಲ್ಲಿ ಜಾತ್ರೆಯೋ ಅಲ್ಲಿ ಕ್ಯಾಂಪ್ ಹಾಕಿದರು, ತಗಡು ಬಿದಿರಿನ ಥೇಟರು ಎಬ್ಬಿಸಿದರು, ಗಾಡಿಗೆ ಮೈಕು ಕಟ್ಟಿ ಹ್ಯಾಂಡ್‌ಬಿಲ್ ಹಂಚಿದರು. ಕಲೆಕ್ಷನ್ ಬಿದ್ದರೆ ನಾಟಕ ಬದಲಿಸಿದರು, ಇನ್ನೂ ಬಿದ್ದರೆ ಊರು ಬದಲಿಸಿದರು. ಮೂರು ದಿನಕ್ಕೆ ಯಾರೂ ಅವರನ್ನು ಎತ್ತಿಸಲಿಲ್ಲ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಹಲವು ಕಂಪನಿಗಳು ಸಾಲಾಗಿ ಟೆಂಟ್ ಹಾಕಿ ರಾತ್ರಿಯಿಡೀ ಆಡುತ್ತವೆ, ಮಂದಿ ಟಿಕೆಟ್ ಕೊಂಡು ನೋಡುತ್ತಾರೆ. ಅದು ರಾಮದುರ್ಗದಿಂದ ದೂರವೇನಲ್ಲ. ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಾಂತರ ಜನ ಸೇರುತ್ತಾರೆ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಟೂರಿಂಗ್ ಟಾಕೀಸಿಗೆ ಪರವಾನಗಿ ಕೊಡಲು ಅವಕಾಶವಿದೆ. ಗಾಳಿ ತುಂಬಿ ನಿಲ್ಲಿಸುವ ಸಂಚಾರಿ ಡಿಜಿಟಲ್ ಥೇಟರ್ 2021ರಲ್ಲಿ ಲಡಾಖಿನ ಲೇಹ್‌ವರೆಗೆ ಹೋಗಿ ಬಂದಿದೆ. ಸವದತ್ತಿಗೆ ಬರಲು ಅದಕ್ಕೆ ಏನೂ ಅಡ್ಡಿಯಿಲ್ಲ.

ಶುರು ಮಾಡಲು ಕಿತ್ತೂರಿನಲ್ಲೇ ಜಾಗವಿದೆ. ಪ್ರತಿ ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ ನಡೆಯುತ್ತದೆ. ಸರ್ಕಾರದ ಹಣ, ಜಿಲ್ಲಾಡಳಿತದ ಹೊಣೆ, ವೇದಿಕೆ, ಧ್ವನಿವ್ಯವಸ್ಥೆ, ಜನ ಎಲ್ಲ ಇರುತ್ತದೆ. ಹೊರಗಿನ ಗಾಯಕರಿಗೆ ಕೊಡುವ ಒಂದು ರಾತ್ರಿಯ ಸಂಭಾವನೆಯಲ್ಲಿ ಸಣ್ಣ ಭಾಗ ಸಾಕು, ಕೋಟೆಯ ಹತ್ತಿರ ಒಂದು ಟೆಂಟು, ಒಂದು ಪ್ರೊಜೆಕ್ಟರು, ಕುರ್ಚಿಗಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳವರು ಮಾಡಿದ ಸಿನಿಮಾ, ಕಿರುಚಿತ್ರ, ಪೈಲಟ್‌ಗಳನ್ನು ಮೊದಲೇ ಕರೆದು ಆರಿಸಿಕೊಳ್ಳಬಹುದು. ಟಿಕೆಟ್ಟಿಗೆ 50 ರೂಪಾಯಿ ಇಟ್ಟು, ಆಟಕ್ಕೆ 300 ಜನರಂತೆ ದಿನಕ್ಕೆ ಎರಡು ಆಟ, ಮೂರು ದಿನ ನಡೆದರೆ 90,000 ರೂಪಾಯಿ ಆಗುತ್ತದೆ. ಅಷ್ಟೂ ನೇರವಾಗಿ ಸಿನಿಮಾ ಮಾಡಿದವರ ಕೈಗೆ ಹೋಗಬೇಕು. ಮೇಲೆ ಹೇಳಿದ ಸಾಲದಲ್ಲಿ ಅದು ಎರಡು ತಿಂಗಳಿಗೂ ಹೆಚ್ಚಿನ ಬಡ್ಡಿ, ಮತ್ತು ಆ 1,800 ಜನ ನೋಡಿದ್ದು ತಮ್ಮದೇ ಮಾತನ್ನಾಡುವ ಸಿನಿಮಾ. ಉತ್ಸವದ ಪೂರ್ವಭಾವಿ ಸಭೆಗಳು ಆಗಸ್ಟ್, ಸೆಪ್ಟೆಂಬರಿನಲ್ಲೇ ಶುರುವಾಗುತ್ತವೆ. ಮನವಿ ಅಷ್ಟರೊಳಗೆ ಜಿಲ್ಲಾಧಿಕಾರಿಗಳ ಮೇಜಿನ ಮೇಲಿರಬೇಕು.